ಚಂಡೀಪುರದ ತೀರ್ಥ

ಸತ್ಯಜಿತ್ ರಾಯ್ ಅವರ ‘ಗಣಶತ್ರು’ ಸಪ್ಪೆ ಎಂದು ಯಾರಾದರೂ ಅಂದರೆ ಸಾಕು, ನಾವು ಅಭಿಮಾನಿಗಳು ತಕ್ಷಣ ರಾಯ್ ಅವರ ಹೃದ್ರೋಗವನ್ನು ಮುಂದೆ ತರುತ್ತೇವೆ. 1983ರಲ್ಲಿ ‘ಘರೇ ಬಾಯಿರೇ’ ಚಿತ್ರೀಕರಣದ ನಡುವೆ ಹೃದಯಾಘಾತವಾಯಿತು. ಕೆಲವು ವರ್ಷಗಳ ಬಿಡುವಿನ ನಂತರ 1989ರಲ್ಲಿ ಕಥಾಚಿತ್ರಕ್ಕೆ ಮರಳಿ ಬಂದದ್ದೇ ಇದರೊಂದಿಗೆ. ಸ್ಟುಡಿಯೊ ಬಿಟ್ಟು ಕದಲಬಾರದೆಂದು ವೈದ್ಯರ ಕಟ್ಟಪ್ಪಣೆಯಿತ್ತು. ಪಾಪ, ಏನು ಮಾಡಿಯಾರು?

ಈ ರಿಯಾಯಿತಿ ನನಗೆ ಒಪ್ಪಿಗೆಯಿಲ್ಲ. ಅವರದೇ 1991ರ ‘ಆಗಂತುಕ’ದಲ್ಲೂ ಬಹುಪಾಲು ಮನೆಯೊಳಗಿನ ಮಾತುಕತೆಯೇ. ಬಂದವನು ನಿಜವಾದ ಸೋದರಮಾವನೋ ಠಕ್ಕನೋ ಎಂಬ ಅನುಮಾನ ಒಂದೊಂದು ಮಾತಿಗೂ ಮೊನೆ ಕೊಡುತ್ತದೆ. ಅಲ್ಲಿ ನಾಲ್ಕು ಗೋಡೆ ಅಡ್ಡಿಯಾಗಲಿಲ್ಲವಲ್ಲ!

‘ಗಣಶತ್ರು’ವಿನ ಮೂಲ ಇಬ್ಸೆನ್ 1882ರಲ್ಲಿ ಬರೆದ ನಾಟಕ. ಅಲ್ಲಿ ಕಲುಷಿತವಾಗಿದ್ದು ನಾರ್ವೆಯ ಊರೊಂದರ ಸ್ನಾನಗೃಹದ ನೀರು. ಇಲ್ಲಿ ಚಂಡೀಪುರದ ದೇವಸ್ಥಾನದ ತೀರ್ಥ. ಎಂಥ ಅದ್ಭುತ ಬದಲಾವಣೆ! ಗಂಗಾಜಲ, ತುಳಸಿ, ಬಿಲ್ವ ಸೇರಿದ ಚರಣಾಮೃತ ಕೆಡುವುದುಂಟೇ ಎಂದು ದೇವಸ್ಥಾನದ ಯಜಮಾನ ಕೇಳುವಾಗ ಡಾಕ್ಟರ್ ಅಶೋಕ್ ಗುಪ್ತ ಒಂದು ಕ್ಷಣ ಕಂಗಾಲಾಗುತ್ತಾನೆ. ಲಾಭದ ಲೆಕ್ಕಕ್ಕೆ ಉತ್ತರ ಕೊಡಬಹುದು, ಭಕ್ತಿಗೆ ಹೇಗೆ ಕೊಡುವುದು? ಚಿತ್ರ ಅಲ್ಲೇ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ನಿಲ್ಲುವುದಿಲ್ಲ. ಆಮೇಲೆ ಪ್ರತಿಯೊಬ್ಬರೂ ಸೋಫಾದಲ್ಲಿ ಕೂತು ತಮ್ಮ ತಮ್ಮ ನಿಲುವು ಮಂಡಿಸುತ್ತಾರೆ.

‘ಪಥೇರ್ ಪಾಂಚಾಲಿ’ಯಲ್ಲಿ, ಸತ್ತ ಅಕ್ಕ ಕದ್ದಿಟ್ಟಿದ್ದ ಸರವನ್ನು ಅಪು ಕೊಳಕ್ಕೆ ಎಸೆಯುತ್ತಾನೆ. ಸರಿದ ಪಾಚಿ ಮೆಲ್ಲಗೆ ಮತ್ತೆ ಕೂಡಿಕೊಳ್ಳುತ್ತದೆ. ಒಂದು ಮಾತಿಲ್ಲ. ನೋಡುವವರ ಬುದ್ಧಿಯ ಮೇಲೆ ಅಷ್ಟು ಭರವಸೆಯಿಟ್ಟಿದ್ದ ನಿರ್ದೇಶಕ ಇಲ್ಲಿ ನಮ್ಮನ್ನು ಯಾಕೆ ನಂಬಲಿಲ್ಲ? ನನ್ನ ಬೇಸರವಿರುವುದು ಇಲ್ಲಿ. (ಡಾಕ್ಟರನಾಗಿ ನಟಿಸಿದ ಸೌಮಿತ್ರ ಚಟರ್ಜಿ ಅವರ ಬಗ್ಗೆ ತಕರಾರಿಲ್ಲ.)

ಮುಕ್ತಾಯವಂತೂ ಇನ್ನೂ ಕಷ್ಟ. ಇಬ್ಸೆನ್ನನ ಡಾಕ್ಟರು ತನ್ನ ಒಂಟಿತನವನ್ನೇ ಬಲ ಮಾಡಿಕೊಂಡವನು. ರಾಯ್ ತಮ್ಮ ಡಾಕ್ಟರನನ್ನು ಒಂಟಿಯಾಗಿ ಬಿಡಲಾರದೆ ಕಿಟಕಿಯಾಚೆಯಿಂದ ಯುವಕರ ಜೈಕಾರ ಕೇಳಿಸುತ್ತಾರೆ. ಅವನ ಮುಖ ಅರಳುತ್ತದೆ. ಆದರೆ ತೀರ್ಥ ಕುಡಿದು ಕಾಮಾಲೆ ಹತ್ತಿಸಿಕೊಂಡವರು, ನಾಳೆ ಬೆಳಿಗ್ಗೆಯೂ ಅದಕ್ಕೇ ಕೈಯೊಡ್ಡುವವರು ಏನೆಂದುಕೊಂಡರು? ಅವರ ಮನೆಗೆ ಕ್ಯಾಮೆರಾ ಹೋಗದಿರಬಹುದು, ಕಥೆಯಾದರೂ ಹೋಗಬಹುದಿತ್ತು.