ಇಂಜಿನ್ ಬಿಚ್ಚುವ ಮುನ್ನ ಅಳೆಯಿರಿ

ಹಳೆಯ ಪೆಟ್ರೋಲ್ ಕಾರು ಆಯಿಲ್ ಕುಡಿಯತೊಡಗಿದರೆ, ಸೀಲುಗಳ ಬಳಿ ಜಿಡ್ಡು ಒಸರಿದರೆ, ‘ರಿಂಗ್ ಹೋಗಿದೆ, ಇಂಜಿನ್ ಕೆಲಸ ಮಾಡಿಸಬೇಕು’ ಎಂಬ ತೀರ್ಪು ತಕ್ಷಣ ಹೊರಬೀಳುತ್ತದೆ. ಕಾರು ತಯಾರಿಕೆಗೆ ಹೆಸರಾದ ಚೆನ್ನೈಯಲ್ಲಿದ್ದೂ ನಾವು ಆ ತೀರ್ಪಿಗೆ ತಲೆಬಾಗುತ್ತೇವೆ. ಜ್ವರ ಬಂದರೆ ಎಷ್ಟು ಡಿಗ್ರಿ ಎಂದು ಕೇಳುವ ನಾವು ಇಲ್ಲಿ ಅಳತೆ ಕೇಳುವುದಿಲ್ಲ. ಕೇಳಬೇಕೆಂಬುದೇ ನಮ್ಮ ವಾದ.

ಸಿಲಿಂಡರಿನ ಅನಿಲ ಸ್ವಲ್ಪಮಟ್ಟಿಗೆ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುವುದು ಸಹಜ. ಹಿಂದೆ ಅದನ್ನು ಕೊಳವೆಯ ಮೂಲಕ ರಸ್ತೆಗೇ ಬಿಡುತ್ತಿದ್ದರು. ಲಾಸ್ ಏಂಜಲೀಸಿನ ಹೊಗೆಮಂಜಿನಿಂದ ಕಂಗೆಟ್ಟ ಕ್ಯಾಲಿಫೋರ್ನಿಯಾ 1960ರ ದಶಕದ ಆರಂಭದಲ್ಲಿ ಇದಕ್ಕೆ ಕಡಿವಾಣ ಹಾಕಿತು. ಪಿಸಿವಿ ಎಂಬ ಪುಟ್ಟ ವಾಲ್ವಿನ ಮೂಲಕ ಈಗ ಆ ಅನಿಲ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗಿ ಮತ್ತೆ ಉರಿಯುತ್ತದೆ. ವಾಲ್ವು ಜಿಡ್ಡುಗಟ್ಟಿ ಮುಚ್ಚಿದರೆ ಒಳಗೆ ಒತ್ತಡ ಬೆಳೆದು ಆಯಿಲ್ ಹೊರನುಗ್ಗುತ್ತದೆ; ಲಕ್ಷಣಗಳು ರಿಂಗ್ ಸವೆದಂತೆಯೇ ತೋರುತ್ತವೆ.

ಈ ಗೊಂದಲವನ್ನು ಬಿಡಿಸಲು ವ್ಯಾಕ್ಯೂಮ್ ಗೇಜು ನೆರವಾಗುತ್ತದೆ. ಬಿಸಿಯಾದ ಇಂಜಿನ್ ಐಡ್ಲಿಂಗಿನಲ್ಲಿದ್ದಾಗ, ಸಮುದ್ರಮಟ್ಟದ ಚೆನ್ನೈಯಲ್ಲಿ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಸಾಮಾನ್ಯವಾಗಿ 17ರಿಂದ 21 ಇಂಚು ಪಾದರಸದ ನಡುವೆ ಸ್ಥಿರವಾಗಿರುತ್ತದೆ. ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುವುದರಿಂದ, ಅದೇ ಕಾರು ಬೆಂಗಳೂರಿನಲ್ಲಿ ಮೂರು ಇಂಚು ಕಡಿಮೆ ತೋರಿದರೆ ಅದು ರೋಗವಲ್ಲ. ಬಳಿಕ ಆಯಿಲ್ ತುಂಬುವ ಬಾಯಿಗೆ, ಇಂಚು ನೀರಿನ ಲೆಕ್ಕದಲ್ಲಿ ಅಳೆಯುವ ಸೂಕ್ಷ್ಮ ಗೇಜನ್ನು ಜೋಡಿಸಬೇಕು. ಅಲ್ಲಿ ಅಲ್ಪ ಎಳೆತ ಕಾಣಬೇಕು. ನಿಖರ ಅಂಕಿಯನ್ನು ಆಯಾ ಕಾರಿನ ಕೈಪಿಡಿಯಲ್ಲಿ ನೋಡಬೇಕು. ಎಳೆತದ ಬದಲು ಒತ್ತಡ ಕಂಡರೆ ಮೊದಲು ವಾಲ್ವು ಮತ್ತು ಹೋಸುಗಳ ತಪಾಸಣೆ. ಅವು ಸರಿಯಿದ್ದೂ ಒತ್ತಡ ಉಳಿದರೆ ಕಂಪ್ರೆಷನ್ ಪರೀಕ್ಷೆ. ರಿಂಗಿನ ಮಾತು ಅನಂತರದ್ದು.

ಹೊಗೆ ತಪಾಸಣೆಯ ಸರ್ಟಿಫಿಕೇಟ್ ಸಾಲದೇ ಎನ್ನಬಹುದು. ಆ ತಪಾಸಣೆ ನಡೆಯುವುದು ಸೈಲೆನ್ಸರಿನ ತುದಿಯಲ್ಲಿ. ಹೋಸು ಕಳಚಿ ಬಾನೆಟ್ಟಿನಡಿ ಸೋರುವ ಅನಿಲ ಅದಕ್ಕೆ ಸಿಗುವುದಿಲ್ಲ.

ಪುದುಪೇಟೆಯ ಬಿಡಿಭಾಗಗಳ ಓಣಿಗಳಲ್ಲಿ ಪಳಗಿದ ಮೆಕ್ಯಾನಿಕ್ಕುಗಳ ಕೈ, ಕಿವಿಗಳ ಪರಿಣತಿಯನ್ನು ನಾವು ಹಗುರಾಗಿ ಕಾಣುತ್ತಿಲ್ಲ. ಆದರೆ ಕಿವಿ ಹಿಡಿದದ್ದು ಕೇಳಿದವರಿಗಷ್ಟೇ ಗೊತ್ತು. ಗೇಜಿನ ಮುಳ್ಳು ದುಡ್ಡು ಕೊಡುವವರಿಗೂ ಕಾಣುತ್ತದೆ. ಆದ್ದರಿಂದ ಇಂಜಿನ್ ಬಿಚ್ಚಲು ಒಪ್ಪುವ ಮುನ್ನ ಈ ಎರಡು ಅಳತೆಗಳನ್ನು ಎಸ್ಟಿಮೇಟಿನಲ್ಲಿ ಬರೆಸಿಕೊಳ್ಳೋಣ. ನುರಿತ ಮೆಕ್ಯಾನಿಕ್ಕಿಗೆ ಅದರಿಂದ ಅವಮಾನವಿಲ್ಲ. ಅವರ ಮಾತಿಗೆ ಸಾಕ್ಷಿ ಸಿಕ್ಕಂತಾಗುತ್ತದೆ.