ನೂರು ಸೇರಿಸುವುದೋ, ನೂರಕ್ಕೆ ತುಂಬಿಸುವುದೋ?

ನಾನು ಓದಿದ್ದು ಕಾಮರ್ಸ್, ಕೂರುವುದು ಬ್ಯಾಂಕ್ ಕೌಂಟರಿನಲ್ಲಿ. ಆದರೂ ಕೆಮಿಸ್ಟ್ರಿ ಲ್ಯಾಬಿನ ಒಂದು ಲೆಕ್ಕದ ಬಗ್ಗೆ ಹೇಳಲೇಬೇಕು. ಯಾಕೆಂದರೆ ಅದು ನಮ್ಮ ಜಮಾ-ಖರ್ಚಿನ ಲೆಕ್ಕವೇ.

ಲ್ಯಾಬಿನಲ್ಲಿ ಆಗಾಗ ಬೇಕಾಗುವ ದ್ರಾವಣವನ್ನು ಹೆಚ್ಚು ಸಾಂದ್ರವಾಗಿ ಮಾಡಿಟ್ಟುಕೊಳ್ಳುತ್ತಾರೆ. ಅದೇ ಸ್ಟಾಕ್. ಬೇಕಾದಾಗ ಸ್ವಲ್ಪ ತೆಗೆದು ನೀರು ಬೆರೆಸುವುದು. ಇದಕ್ಕೆ ಮಕ್ಕಳು ಬಾಯಿಪಾಠ ಮಾಡುವ ಸೂತ್ರ ಸಿ1ವಿ1 = ಸಿ2ವಿ2. ಅರ್ಥ ಇಷ್ಟೇ: ನೀರು ಎಷ್ಟು ಹೊಯ್ದರೂ ಒಳಗಿನ ಉಪ್ಪು ಹೆಚ್ಚೂ ಆಗೋದಿಲ್ಲ, ಕಡಿಮೆಯೂ ಆಗೋದಿಲ್ಲ. ಸ್ಟಾಕ್ ಬಾಟಲಿಯಲ್ಲಿ ಖರ್ಚಾದದ್ದು ಹೊಸ ಬಾಟಲಿಗೆ ಜಮಾ ಆಗಲೇಬೇಕು.

5 ಮೋಲಾರ್ ಉಪ್ಪಿನ ಸ್ಟಾಕಿನಿಂದ 1 ಮೋಲಾರಿನದ್ದು 100 ಎಂಎಲ್ ಬೇಕು ಅಂತಿಟ್ಟುಕೊಳ್ಳಿ. 1ನ್ನು 100ರಿಂದ ಗುಣಿಸಿ 5ರಿಂದ ಭಾಗಿಸಿ. 20 ಎಂಎಲ್ ಸ್ಟಾಕ್ ತೆಗೆಯಬೇಕು. ಇಲ್ಲಿವರೆಗೆ ಸುಲಭ. ತಪ್ಪುವುದು ಆಮೇಲೆ. 'ಡೈಲ್ಯೂಟ್ ಟು 100' ಅಂದರೆ ಒಟ್ಟು 100 ಆಗುವ ತನಕ ನೀರು ತುಂಬಿಸುವುದು. 'ಡೈಲ್ಯೂಟ್ ವಿತ್ 100' ಅಂದರೆ ಮೇಲಿನಿಂದ 100 ಎಂಎಲ್ ನೀರು ಸೇರಿಸುವುದು. ಆಗ ಒಟ್ಟು 120 ಆಗಿ, ಸಾಂದ್ರತೆ ಸುಮಾರು 0.83ಕ್ಕೆ ಇಳಿಯುತ್ತದೆ. ಆರರಲ್ಲಿ ಒಂದು ಪಾಲು ಖೋತಾ! ಬ್ಯಾಂಕಿನಲ್ಲಾದರೆ ಸಂಜೆ ಕ್ಯಾಶ್ ತಾಳೆಯಾಗದೆ ಗೊತ್ತಾಗುತ್ತದೆ. ಲ್ಯಾಬಿನಲ್ಲಿ ಬಾಟಲಿ ನೋಡಿದರೆ ಎಂತದೂ ಗೊತ್ತಾಗೋದಿಲ್ಲ ಮಾರಾಯ್ರೆ, ಅದನ್ನು ಬಳಸಿದ ಪ್ರಯೋಗವೆಲ್ಲ ತಪ್ಪು ಉತ್ತರ ಕೊಡುತ್ತದೆ.

ಹತ್ತರ ತನಕ ಕನ್ನಡದಲ್ಲಿ ಓದಿ ಆಮೇಲೆ ಇಂಗ್ಲಿಷಿಗೆ ಹೋಗುವ ಗಡಿನಾಡಿನ ಮಕ್ಕಳಿಗೆ ಗುಣಾಕಾರ ಭಾಗಾಕಾರ ಬಾರದೇ ಇಲ್ಲ. ಅವರಿಗೆ ತೊಡಕಾಗುವುದು ಈ 'ಟು', 'ವಿತ್'. 'ನೂರಕ್ಕೆ ತುಂಬಿಸು' ಬೇರೆ, 'ನೂರು ಸೇರಿಸು' ಬೇರೆ ಅಂತ ಕನ್ನಡದಲ್ಲಿ ಒಮ್ಮೆ ಹೇಳಿದರೆ ಸಾಕು, ಮರೆಯೋದಿಲ್ಲ.

ಇದು ಬರೀ ಮಾರ್ಕಿನ ಮಾತಲ್ಲ. ಸಾಂದ್ರ ಸಲ್ಫ್ಯೂರಿಕ್ ಆಸಿಡನ್ನು ತೆಳು ಮಾಡುವಾಗ ಆಸಿಡನ್ನೇ ನಿಧಾನವಾಗಿ ನೀರಿಗೆ ಹಾಕಬೇಕು. ಉಲ್ಟಾ ಮಾಡಿ ಆಸಿಡಿಗೆ ನೀರು ಹೊಯ್ದರೆ ಆ ಕಾವಿಗೆ ನೀರು ಕುದಿದು ಆಸಿಡ್ ಮುಖಕ್ಕೇ ಸಿಡಿಯಬಹುದು. ಯಾವುದಕ್ಕೆ ಯಾವುದನ್ನು ಹಾಕಬೇಕು ಅನ್ನೋದು ಮಗುವಿಗೆ ಅನುಮಾನವಿಲ್ಲದೆ ತಿಳಿದಿರಬೇಕಲ್ಲ?

ಹಾಗಾಗಿ ಅಧ್ಯಾಪಕರಲ್ಲಿ ಒಂದು ವಿನಂತಿ. ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ, ತಕರಾರಿಲ್ಲ. ಲ್ಯಾಬಿನ ಬೋರ್ಡಿನಲ್ಲಿ ಮಾತ್ರ ಈ ಎರಡು ಸಾಲು ಕನ್ನಡದಲ್ಲಿ ಬರೆದಿಡಿ: 'ಗುರುತಿನ ತನಕ ನೀರು ತುಂಬಿಸಿ', 'ನೀರಿಗೆ ಆಸಿಡ್ ಹಾಕಿ, ಆಸಿಡಿಗೆ ನೀರು ಬೇಡ'. ಅದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಒಂದು ತುಂಡು ಚಾಕ್ ಸಾಕು.