ಕಾವಲುಗಾರನನ್ನು ಮನೆಗೆ ಕಳಿಸುವ ಸ್ಕ್ರಿಪ್ಟು

"ಸಿಸ್ಟಮ್ ಸ್ಲೋ ಆಗಿದೆ ಸಾರ್, ಹಿಂದೆ ಓಡ್ತಿರೋ ಮಾನಿಟರಿಂಗ್ ಜಾಬ್‌ಗಳನ್ನ ತೆಗೆದುಬಿಡೋಣ." ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

2009ರ ಮಾತು. ನಮ್ಮ ಪಿಂಚಣಿ ಲೆಕ್ಕದ ಸರ್ವರ್ ಇದ್ದದ್ದು ವಿಶಾಖಪಟ್ಟಣದಲ್ಲಿ, ನಾನಿದ್ದದ್ದು ವಿಜಯವಾಡದ ಶಾಖೆಯಲ್ಲಿ. ಡೇಟಾಬೇಸು ಒರಾಕಲ್ 10ಜಿ. ಡಿಸ್ಕ್ ತುಂಬುತ್ತಿದ್ದರೆ ಎಚ್ಚರಿಕೆಯ ಮೇಲ್ ಹೋಗಬೇಕು. ಅದಕ್ಕೆ ಅದರ ಎಂಟರ್‌ಪ್ರೈಸ್ ಮ್ಯಾನೇಜರಿನ ಜಾಬ್‌ಗಳು ಹಿಂದೆ ಸದ್ದಿಲ್ಲದೆ ಓಡುತ್ತಿರಬೇಕು. ಇವನ್ನು ತೆಗೆಯಲು ಒರಾಕಲ್ಲೇ ಒಂದು ಸ್ಕ್ರಿಪ್ಟ್ ಕೊಟ್ಟಿತ್ತು, ಅಡ್ಮಿನ್_ರಿಮೂವ್_ಡಿಬಿಎಂಎಸ್_ಜಾಬ್ಸ್ ಅಂತ. ವಾಪಸ್ ಹಾಕಲು ಇನ್ನೊಂದು, ಅಡ್ಮಿನ್_ಸಬ್ಮಿಟ್_ಡಿಬಿಎಂಎಸ್_ಜಾಬ್ಸ್. ರಿಪೇರಿಯ ಹೊತ್ತಿಗೆ ತೆಗಿ, ಮುಗಿದ ಮೇಲೆ ಹಾಕು. ಅಷ್ಟೇ.

ಸಾಫ್ಟ್‌ವೇರ್ ಕಂಪನಿಯ ಹುಡುಗ ಮೊದಲನೆಯದನ್ನು ಓಡಿಸಿ "ಏಮೀ ಕಾದು ಸಾರ್" ಎಂದು ಹೋದ. ಎರಡನೆಯದನ್ನು ಯಾರೂ ಓಡಿಸಲಿಲ್ಲ. ಆರ್ಕೈವ್ ಲಾಗ್ ಬೀಳುವ ಡಿಸ್ಕು ಮೆಲ್ಲಗೆ ತುಂಬಿತು. ಲಾಗ್ ಇಡಲು ಜಾಗವಿಲ್ಲದಿದ್ದರೆ ಒರಾಕಲ್ ಹೊಸ ಎಂಟ್ರಿಯನ್ನೇ ಒಪ್ಪದೆ ನಿಂತುಬಿಡುತ್ತದೆ. ನಿಂತದ್ದು ಒಂದನೇ ತಾರೀಖು ಬೆಳಿಗ್ಗೆ! ಕೌಂಟರ್ ಮುಂದೆ ಸಂಜೆಯವರೆಗೆ ಕಾದ ಮುದುಕರ ಮುಖ ಇನ್ನೂ ಕಣ್ಣಮುಂದಿದೆ.

"ಆ ಜಾಬ್‌ಗಳೂ ಸಿಸ್ಟಮ್ಮಿಗೆ ಭಾರ ಅಲ್ವಾ?" ಅನ್ನುತ್ತೀರಿ. ಹೌದು, ಕೆಲವೊಮ್ಮೆ ನಿಜ. ಹಾಗಾದರೆ ಯಾವ ಜಾಬ್ ತಿನ್ನುತ್ತಿದೆ ಅಂತ ಹುಡುಕಿ, ಅದನ್ನು ಸರಿಮಾಡಿ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ?

ಕಾವಲು ಸುಮ್ಮನಾದರೆ ಏನಾಗುತ್ತದೆ ಅಂತ ಕಳ್ಳರಿಗೆ ನಮಗಿಂತ ಚೆನ್ನಾಗಿ ಗೊತ್ತು. ಫೆಬ್ರವರಿ 2016ರಲ್ಲಿ ಬಾಂಗ್ಲಾದೇಶ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಹೋಯಿತಲ್ಲ, ಅಲ್ಲಿ ಬಳಸಿದ ಮಾಲ್‌ವೇರ್ ಸ್ವಿಫ್ಟ್ ಸಾಫ್ಟ್‌ವೇರಿನಲ್ಲಿ ಎರಡೇ ಬೈಟ್ ಬದಲಿಸಿ ತಪಾಸಣೆಯನ್ನು ದಾಟಿತ್ತು. ಒರಾಕಲ್ ಡೇಟಾಬೇಸಿನಿಂದ ವಹಿವಾಟಿನ ದಾಖಲೆ ಅಳಿಸುವಂತೆ ಅದನ್ನು ಬರೆದಿದ್ದರು. ಕಳ್ಳ ಕಷ್ಟಪಟ್ಟು ಮಾಡಿದ್ದನ್ನು ನಾವು ಸೋಮಾರಿತನದಿಂದ ಮಾಡುತ್ತೇವೆ. 2023ರ ಏಪ್ರಿಲ್ 1ರಿಂದ ನಮ್ಮ ದೇಶದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಆಡಿಟ್ ಟ್ರೇಲ್ ಆರಿಸಲು ಬರಬಾರದು ಅಂತ ನಿಯಮವಿದೆ. ಲೆಕ್ಕದ ಕಾವಲಿಗಿರುವ ಈ ಮರ್ಯಾದೆ ಸರ್ವರಿನ ಕಾವಲಿಗೂ ಬೇಡವೇ?

ಬ್ಯಾಂಕಿನಲ್ಲಿ ದೊಡ್ಡ ವೋಚರಿಗೆ ಒಬ್ಬ ಎಂಟ್ರಿ ಹಾಕಿದರೆ ಇನ್ನೊಬ್ಬ ಪಾಸ್ ಮಾಡಬೇಕು. ಇಡೀ ಕಾವಲನ್ನೇ ತೆಗೆಯುವ ಸ್ಕ್ರಿಪ್ಟಿಗೆ ಮಾತ್ರ ಒಬ್ಬನ ಎಂಟರ್ ಕೀ ಸಾಕೇ? ಯಾರು ತೆಗೆದರು, ಯಾಕೆ, ಯಾವತ್ತು ವಾಪಸ್ ಹಾಕುತ್ತಾರೆ... ಈ ಮೂರನ್ನೂ ಬರೆದು ಎರಡು ಸಹಿ ಮಾಡದೆ ಅದನ್ನು ಓಡಿಸಕೂಡದು.

ಏನಂತೀರಿ?